‘ಅಯ್ಯೋ ಪಾಪ’ದ ಪಾಪವೇ ಬೇರೆ: ಕೊಡಗಿನ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಬಗೆ

ಎರಡನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು “ಪಾಪ ಅಂದ್ರೆ ಏನು?” ಎಂದು ಕೇಳಿ ನೋಡಿ. “ಬಿದ್ದು ಪೆಟ್ಟಾದವರು”, “ಅಮ್ಮ ಇಲ್ಲದ ನಾಯಿಮರಿ” ಎಂಬಂಥ ಉತ್ತರಗಳೇ ಬರುತ್ತವೆ. ಮಕ್ಕಳು ತಪ್ಪು ಹೇಳಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳ ಅಂಗಳದಲ್ಲಿ ಅವರು ದಿನವೂ ಕೇಳುವುದು “ಅಯ್ಯೋ ಪಾಪ” ಎಂಬ ಮಾತನ್ನೇ. ಅದೇ ಮಗುವಿಗೆ “ನಮ್ಮ ಪಾಪಗಳಿಗಾಗಿ ಯೇಸುಸ್ವಾಮಿ ಶಿಲುಬೆಯ ಮೇಲೆ ಸತ್ತರು” ಎಂದು ಬಾಯಿಪಾಠ ಮಾಡಿಸಿದರೆ ವಾಕ್ಯ ತಪ್ಪಿಲ್ಲದೆ ಬರುತ್ತದೆ. ಆದರೆ ಒಳಗೆ ಕೂತಿರುವ ಅರ್ಥ ಬೇರೆಯೇ ಆಗಿರುತ್ತದೆ.

ಕೊಡಗಿನ ಕಥೋಲಿಕ ಚರ್ಚುಗಳ ಭಾನುವಾರದ ಧರ್ಮೋಪದೇಶ ತರಗತಿಗಳಲ್ಲಿ ಎದುರಾಗುವ ಹೆಚ್ಚಿನ ತೊಡಕುಗಳ ಬೇರು ಇಲ್ಲೇ ಇದೆ. ಪಾಪ, ಪ್ರಸಾದ, ಬಲಿ, ಪೂಜೆ, ಅವತಾರ, ಸಂಸ್ಕಾರ ಎಂಬ ಪದಗಳಿಲ್ಲದೆ ಕನ್ನಡದಲ್ಲಿ ಧರ್ಮೋಪದೇಶ ಹೇಳಲಾಗುವುದಿಲ್ಲ. ಆ ಪದಗಳಲ್ಲಿ ಒಂದೊಂದಕ್ಕೂ ಮಗುವಿನ ಬದುಕಿನಲ್ಲಿ ಆಗಲೇ ಒಂದು ಅರ್ಥ ಇದೆ. ಆ ಅರ್ಥ ಯಾವುದೆಂದು ಮೊದಲು ಕೇಳಿ ತಿಳಿಯಬೇಕು, ಆಮೇಲೆ ಪಾಠ ಕಟ್ಟಬೇಕು. ಉತ್ತರ ಬಾಯಿಪಾಠ ಮಾಡಿಸುವುದು ಕೊನೆಯ ಕೆಲಸ. ಹೆಚ್ಚಿನ ಕಡೆ ಅದನ್ನೇ ಮೊದಲು ಮಾಡುತ್ತಾರೆ.

ಒಂದು ತರಗತಿ, ನಾಲ್ಕು ಮನೆಮಾತು

ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ ಕೊಡಗಿನಲ್ಲಿ ಕಥೋಲಿಕರ ಇತಿಹಾಸ ಹಳೆಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಮಾತಿನ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಆರಂಭ 1792ರದ್ದು. ಆಮೇಲೆ ಕಾಫಿ ತೋಟಗಳ ಜೊತೆಗೆ ತಮಿಳರು ಬಂದರು, ಗಡಿ ದಾಟಿ ಮಲಯಾಳಿಗಳು ಬಂದರು. ಹಾಗಾಗಿ ಈಗ ಒಂದೇ ಬೆಂಚಿನ ಮೇಲೆ ಕೂರುವ ಮಕ್ಕಳಲ್ಲಿ ಒಬ್ಬರ ಮನೆಯಲ್ಲಿ ಈ ತರಗತಿಯ ಹೆಸರು ‘ದೊತೋರ್ನ್’, ಇನ್ನೊಬ್ಬರ ಮನೆಯಲ್ಲಿ ‘ವೇದಪಾಠಂ’, ಮತ್ತೊಬ್ಬರ ಮನೆಯಲ್ಲಿ ‘ಮರೈಕಲ್ವಿ’. ಶಾಲೆಯ ಓದು ಇಂಗ್ಲಿಷಿನಲ್ಲಿ, ಚರ್ಚಿನ ಬಲಿಪೂಜೆ (ಮಾಸ್) ಕನ್ನಡದಲ್ಲಿ.

ಇದನ್ನು ಹೊರೆ ಎಂದುಕೊಳ್ಳಬೇಡಿ. ಕನ್ನಡ ಪದ ಗೊಂದಲ ಮಾಡುವಲ್ಲಿ ಮನೆಮಾತಿನ ಪದ ಎಷ್ಟೋ ಸಲ ದಾರಿ ಬಿಡಿಸುತ್ತದೆ. ಕೊಂಕಣಿಯಲ್ಲಿ ಪಾಪಕ್ಕೆ ‘ಪಾತಕ್’ ಎನ್ನುತ್ತಾರೆ. ಬಿದ್ದ ಮಗುವನ್ನು ನೋಡಿ ಯಾರೂ ‘ಪಾತಕ್’ ಎನ್ನುವುದಿಲ್ಲ. ಮಲಯಾಳಂನಲ್ಲಿ ಕನಿಕರಕ್ಕೆ ‘ಪಾವಂ’, ತಪ್ಪಿಗೆ ‘ಪಾಪಂ’ ಎಂದು ಎರಡು ಮಾತುಗಳೇ ಇವೆ. ತಮಿಳಿನ ‘ಪಾವಂ’ ಮಾತ್ರ ಕನ್ನಡದ ಹಾಗೆ ಎರಡನ್ನೂ ಹೊರುತ್ತದೆ. ಆದ್ದರಿಂದ ಕನ್ನಡ ಮತ್ತು ತಮಿಳು ಮನೆಮಾತಿನ ಮಕ್ಕಳ ಮೇಲೆ ಈ ಪಾಠದಲ್ಲಿ ಹೆಚ್ಚು ಗಮನ ಇರಲಿ. ಮನೆಯಲ್ಲಿ ಕಲಿತ ಪ್ರಾರ್ಥನೆಯನ್ನು ಯಾವ ಕಾರಣಕ್ಕೂ ಬಿಡಿಸಬೇಡಿ. ಮರಿಯಮ್ಮನವರ ಪ್ರಾರ್ಥನೆ ಕೊಂಕಣಿಯಲ್ಲಿ ಬರುವ ಮಗು ಅದನ್ನು ಹಾಗೇ ಹೇಳಲಿ, ಕನ್ನಡದ್ದನ್ನು ಜೊತೆಗೆ ಕಲಿಯಲಿ. ಅಜ್ಜಿ ಕಲಿಸಿದ ಪ್ರಾರ್ಥನೆ ತಪ್ಪು ಎಂದು ಮಗುವಿಗೆ ಅನ್ನಿಸಿಬಿಟ್ಟರೆ ಮನೆಯ ಪ್ರಾರ್ಥನೆಯೇ ನಿಂತುಹೋಗುತ್ತದೆ.

ಎಷ್ಟು ಕಲಿಸಬೇಕು?

1992ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಹೊರಡಿಸಿದ ಧರ್ಮಸಭೆಯ (ಕಥೋಲಿಕ ಚರ್ಚಿನ) ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದಗಳಿವೆ. ಅದರ ನಾಲ್ಕು ಭಾಗಗಳು ನಾವು ನಂಬುವುದು, ಆಚರಿಸುವುದು, ಬದುಕುವುದು ಮತ್ತು ಪ್ರಾರ್ಥಿಸುವುದು. ಮಕ್ಕಳ ಮಟ್ಟಕ್ಕೆ ಇಳಿಸಿದರೆ ಇವು ವಿಶ್ವಾಸ ಪ್ರಮಾಣ, ಜ್ಞಾನಸ್ನಾನ, ಪರಮಪ್ರಸಾದದಂಥ ಏಳು ಸಂಸ್ಕಾರಗಳು, ಹತ್ತು ಕಟ್ಟಳೆಗಳು ಮತ್ತು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ. ಐದನೇ ತರಗತಿ ಮುಗಿಯುವಾಗ ಈ ನಾಲ್ಕು ಅರ್ಥಸಹಿತ ಬಾಯಿಗೆ ಬಂದಿದ್ದರೆ ಸಾಕು.

ಜೂನ್‌ನಲ್ಲಿ ಶುರುವಾಗುವ ವರ್ಷದಲ್ಲಿ ಭಾನುವಾರಗಳು ಸಾಕಷ್ಟು ಇವೆ ಎನ್ನಿಸುತ್ತದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಅಕ್ಟೋಬರ್‌ನಲ್ಲಿ ದಸರಾ ರಜೆ, ಡಿಸೆಂಬರ್‌ನಿಂದ ಕಾಫಿ ಕೊಯ್ಲು, ನಡುವೆ ಕ್ರಿಸ್ಮಸ್. ಕೊಯ್ಲಿನ ಹೊತ್ತಿನಲ್ಲಿ ತೋಟದ ಮಕ್ಕಳನ್ನು ಕರೆತರಲು ಮನೆಯಲ್ಲಿ ಯಾರೂ ಬಿಡುವಾಗಿರುವುದಿಲ್ಲ. 28 ಪಾಠಕ್ಕಿಂತ ಹೆಚ್ಚು ಹಾಕಿಕೊಳ್ಳದಿರುವುದು ವಿವೇಕ. ಮುಖ್ಯ ಪಾಠಗಳನ್ನು ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಇಟ್ಟುಕೊಳ್ಳಿ. ಮಳೆಗಾಲದ ಭಾನುವಾರಗಳಿಗೆ ಒಂದೊಂದೇ ದಿನಕ್ಕೆ ಮುಗಿಯುವ ಶುಭಸಂದೇಶದ ಕಥೆಗಳನ್ನು ಇಡಿ. ರಸ್ತೆಗೆ ಮರ ಬಿದ್ದು ಬರಲಾಗದ ಮಗುವಿಗೆ ಸರಪಳಿಯ ಕೊಂಡಿ ತಪ್ಪಬಾರದು.

ಪೂಜೆ ಮುಗಿದ ಮೇಲೆ ಸಿಗುವುದು 45 ನಿಮಿಷ, ಅದೂ ಮಕ್ಕಳಿಗೆ ಹಸಿವಾಗಿರುವ ಹೊತ್ತು. ಪ್ರಾರ್ಥನೆಗೆ 5 ನಿಮಿಷ, ಕಥೆಗೆ 10, ದಿನದ ಪದ ಬಿಡಿಸಲು 10, ಕೈಗೆ ಕೆಲಸ 10, ಒಂದೇ ಒಂದು ವಾಕ್ಯ ಬಾಯಿಪಾಠಕ್ಕೆ 5, ಉಳಿದ 5 ಮಕ್ಕಳ ಪ್ರಶ್ನೆಗೆ. ತೋಟದ ಚಾಪೆಲ್‌ಗಳಲ್ಲಿ ಆರರಿಂದ ಹನ್ನೊಂದು ವರ್ಷದವರೆಲ್ಲ ಒಂದೇ ಗುಂಪಾಗಿ ಕೂರುತ್ತಾರೆ. ಅಲ್ಲಿ ಕಥೆ ಒಂದೇ ಇರಲಿ, ಪ್ರಶ್ನೆ ಮೂರು ಇರಲಿ. ಚಿಕ್ಕವರಿಗೆ “ಏನಾಯಿತು?”, ನಡುವಿನವರಿಗೆ “ಯೇಸುಸ್ವಾಮಿ ಯಾಕೆ ಹಾಗೆ ಮಾಡಿದರು?”, ದೊಡ್ಡವರಿಗೆ “ಇದರಿಂದ ದೇವರ ಬಗ್ಗೆ ಏನು ತಿಳಿಯಿತು?” ಎಂದು ಕೇಳಿ.

ಪಾಪ

ಮೊದಲು ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ: ‘ಅಯ್ಯೋ ಪಾಪ’, ‘ಪಾಪ ಮಾಡಿದೆ’. ಮೊದಲನೆಯದು ನಮಗೆ ಬರುವ ಕನಿಕರ, ಎರಡನೆಯದು ನಾವು ಮಾಡುವ ಕೆಲಸ ಎಂದು ಮಕ್ಕಳ ಬಾಯಿಂದಲೇ ಹೊರಡಿಸಿ. ಆಮೇಲೆ ಹನ್ನೆರಡು ಚೀಟಿ ತಯಾರಿಸಿ, ಒಂದೊಂದರಲ್ಲೂ ಒಂದು ಘಟನೆ ಇರಲಿ. ಲೋಟ ಕೈಜಾರಿ ಒಡೆಯಿತು. ಸಿಟ್ಟಿನಿಂದ ತಮ್ಮನ ಲೋಟ ಎತ್ತಿ ಹಾಕಿದೆ. ಗೆಳೆಯನ ಪೆನ್ಸಿಲ್ ಕದಿಯುವ ಆಸೆ ಬಂತು, ಕದಿಯಲಿಲ್ಲ. ಜ್ವರ ಬಂದು ಭಾನುವಾರ ಪೂಜೆಗೆ ಹೋಗಲಿಲ್ಲ. ಇವನ್ನು ‘ಆಕಸ್ಮಿಕ’, ‘ಶೋಧನೆ’ (ತಪ್ಪು ಮಾಡುವ ಆಸೆ ಬರುವುದು), ‘ಪಾಪ’ ಎಂದು ಮೂರು ಡಬ್ಬಿಗೆ ಮಕ್ಕಳೇ ಹಾಕಲಿ. ಜ್ವರದ ಚೀಟಿಯನ್ನು ಬಹಳ ಮಕ್ಕಳು ಪಾಪದ ಡಬ್ಬಿಗೆ ಹಾಕುತ್ತಾರೆ. ಅಲ್ಲಿ ನಿಲ್ಲಿಸಿ ಮಾತಾಡಿ. ಗೊತ್ತಿದ್ದೂ, ಬೇಕೆಂದೇ ಮಾಡಿದ್ದು ಮಾತ್ರ ಪಾಪ. ದೇವರ ಸ್ನೇಹವನ್ನೇ ಕಡಿದುಹಾಕುವ ಪಾಪಕ್ಕೆ ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಪೂರ್ಣವಾಗಿ ತಿಳಿದಿರಬೇಕು, ಪೂರ್ಣ ಮನಸ್ಸಿನಿಂದ ಮಾಡಿರಬೇಕು. ಇದರಲ್ಲಿ ಒಂದು ಕಡಿಮೆಯಾದರೂ ಅದು ಆ ಜಾತಿಯ ಪಾಪ ಆಗುವುದಿಲ್ಲ. ಎಂಟು ವರ್ಷದವರಿಗೆ ನರಕದ ಚಿತ್ರ ತೋರಿಸಿ ಹೆದರಿಸುವ ಹಳೆಯ ರೂಢಿ ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ಹೆದರಿದ ಮಗುವಿಗೆ ಲೋಟ ಒಡೆದದ್ದೂ ನರಕದ ದಾರಿಯಾಗಿ ಕಾಣುತ್ತದೆ.

‘ಜನ್ಮಪಾಪ’ ಇನ್ನೂ ಸೂಕ್ಷ್ಮ. ನಮ್ಮ ಸುತ್ತ ‘ಹಿಂದಿನ ಜನ್ಮದ ಪಾಪ’ ಎಂಬ ಮಾತು ಚಾಲ್ತಿಯಲ್ಲಿದೆ. ಕಾಲು ಸರಿಯಿಲ್ಲದ ಮಗುವನ್ನು ನೋಡಿ ದೊಡ್ಡವರು ಹಾಗೆ ಅನ್ನುವುದನ್ನು ಮಕ್ಕಳು ಕೇಳಿರುತ್ತಾರೆ. ಹಾಗಾಗಿ ಜನ್ಮಪಾಪ ಎಂದ ತಕ್ಷಣ ಎರಡೂ ಬೆರೆಯುತ್ತವೆ. ಧರ್ಮಸಭೆಯ ಬೋಧನೆಯಲ್ಲಿ ಅದು ಮಗು ಮಾಡಿದ ತಪ್ಪಲ್ಲ. ಮನುಕುಲದ ಮೊದಲ ತಂದೆತಾಯಿ ಆದಾಮ ಮತ್ತು ಏವ ಕಳೆದುಕೊಂಡ ದೇವರ ಸ್ನೇಹ ನಮಗೆ ಹುಟ್ಟಿನಿಂದ ಇಲ್ಲದಿರುವ ಸ್ಥಿತಿ ಅದು. ತೋಟ ಮಾರಿಕೊಂಡ ಅಜ್ಜನ ಮೊಮ್ಮಗನಿಗೆ ತೋಟ ಇಲ್ಲ, ಆದರೆ ಮಾರಿದವನು ಅವನಲ್ಲ ಎಂದರೆ ಕೊಡಗಿನ ಮಗುವಿಗೆ ಕೂಡಲೇ ಹೊಳೆಯುತ್ತದೆ. ಜ್ಞಾನಸ್ನಾನದಲ್ಲಿ ಆ ಸ್ನೇಹ ಮತ್ತೆ ಸಿಗುತ್ತದೆ. ಅದೇ ತರಗತಿಯಲ್ಲಿ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯವನ್ನು ಓದಿ. ಹುಟ್ಟು ಕುರುಡನನ್ನು ತೋರಿಸಿ “ಯಾರ ಪಾಪ?” ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದು ಯೇಸುಸ್ವಾಮಿ ಹೇಳುತ್ತಾರೆ. ತರಗತಿಯಲ್ಲಿ ಅಂಗವಿಕಲ ಮಗು ಇದ್ದರಂತೂ ಈ ಓದನ್ನು ಬಿಡಲೇಬಾರದು.

ಪಾಪನಿವೇದನೆಯ ಸಿದ್ಧತೆ ಐದು ಹೆಜ್ಜೆಯದು: ಆತ್ಮಪರಿಶೀಲನೆ, ಪಶ್ಚಾತ್ತಾಪ, ಇನ್ನು ಮಾಡುವುದಿಲ್ಲ ಎಂಬ ನಿರ್ಧಾರ, ಗುರುಗಳಿಗೆ ಹೇಳುವುದು, ಅವರು ಕೊಟ್ಟ ಪ್ರಾಯಶ್ಚಿತ್ತ ತೀರಿಸುವುದು. ಇದು ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯ ರೊಟ್ಟಿಯನ್ನು ಮಗು ಮೊದಲ ಸಲ ಸ್ವೀಕರಿಸುವುದಕ್ಕೆ, ಮೊದಲೇ ಆಗಬೇಕೆಂಬುದು ಧರ್ಮಸಭೆಯ ನಿಯಮ. ಹಿಂದಿನ ದಿನ ಸಂಜೆ ಗಡಿಬಿಡಿಯಲ್ಲಿ ಮಾಡಿಸಿದರೆ ಮಕ್ಕಳಿಗೆ ನೆನಪಿರುವುದು ಸಾಲು ಮತ್ತು ಹೆದರಿಕೆ ಮಾತ್ರ. ಒಂದು ತಿಂಗಳಾದರೂ ಮೊದಲು ಮಾಡಿಸಿ, ಆಗ ಎರಡನೇ ಸಲಕ್ಕೂ ಸಮಯ ಸಿಗುತ್ತದೆ. ಸಾಮಾನ್ಯವಾಗಿ ಕೆಡುವುದು ಪಟ್ಟಿಯಿಂದ. “ಸುಳ್ಳು ಹೇಳಿದೆ, ಅಮ್ಮನ ಮಾತು ಕೇಳಲಿಲ್ಲ” ಎಂದು ಟೀಚರ್ ಬರೆಸಿದ ಪಟ್ಟಿಯನ್ನೇ ಇಪ್ಪತ್ತು ಮಕ್ಕಳು ಒಪ್ಪಿಸುತ್ತಾರೆ. ಪಟ್ಟಿ ಬರೆಸಬೇಡಿ, ಪ್ರಶ್ನೆ ಕೊಡಿ. “ಈ ವಾರ ಯಾರನ್ನಾದರೂ ಅಳಿಸಿದೆಯಾ? ನಿನ್ನದಲ್ಲದ್ದನ್ನು ಇಟ್ಟುಕೊಂಡೆಯಾ?” ಮಗು ತಾನಾಗಿ ಚೀಟಿ ಬರೆದುಕೊಂಡರೆ ಅದನ್ನು ಯಾರೂ ನೋಡಬಾರದು, ಮುಗಿದ ಮೇಲೆ ಮಗುವೇ ಹರಿದುಹಾಕಲಿ. “ಏನು ಹೇಳಿದೆ?” ಎಂದು ತಂದೆತಾಯಿ ಕೇಳಬಾರದೆಂದು ಪೋಷಕರ ಸಭೆಯಲ್ಲೇ ತಿಳಿಸಿ. ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳದಿರುವ ಕಟ್ಟು ಗುರುಗಳಿಗೆ ಇದೆ ಎಂದು ಮಗುವಿಗೆ ಎರಡೆರಡು ಸಲ ಹೇಳಿ. ಗುರುಗಳಿಗೆ ಯಾವ ಯಾವ ಭಾಷೆ ಬರುತ್ತದೆಂದು ಮೊದಲೇ ವಿಚಾರಿಸಿ. ತಮಿಳಿನಲ್ಲಿ ಮಾತ್ರ ಮನಸ್ಸು ಬಿಚ್ಚುವ ಮಗುವಿಗೆ ಅದಕ್ಕೆ ಅವಕಾಶ ಮಾಡಿಕೊಡುವುದು ನಮ್ಮ ಹೊಣೆ.

ಪ್ರಸಾದ ಮತ್ತು ಪರಮಪ್ರಸಾದ

ದೇವಸ್ಥಾನದ ಪ್ರಸಾದ ಕೊಡಗಿನ ಎಲ್ಲ ಮಕ್ಕಳಿಗೂ ಗೊತ್ತು, ನೆರೆಮನೆಯವರು ಪ್ರೀತಿಯಿಂದ ಕೊಟ್ಟಿರುತ್ತಾರೆ. ‘ಪರಮ’ ಸೇರಿಸಿದ ಮಾತ್ರಕ್ಕೆ ಅರ್ಥ ಬದಲಾಗುವುದಿಲ್ಲ. ‘ದೊಡ್ಡ ಪ್ರಸಾದ’ ಎಂದೇ ಮಗು ತಿಳಿಯುತ್ತದೆ. ಕೊಂಕಣಿ ಕುಟುಂಬಗಳ ಸೆಪ್ಟೆಂಬರ್ 8ರ ತೆನೆಹಬ್ಬ ಇದಕ್ಕೆ ಒಳ್ಳೆಯ ಹೋಲಿಕೆ ಒದಗಿಸುತ್ತದೆ. ಮಾತೆ ಮರಿಯಮ್ಮನವರ ಹುಟ್ಟುಹಬ್ಬದ ಆ ದಿನ ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸುತ್ತಾರೆ, ಮನೆಯಲ್ಲಿ ಅದನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಉಣ್ಣುತ್ತಾರೆ. ಆಶೀರ್ವಾದ ಆದ ಮೇಲೂ ಅದು ಭತ್ತವೇ. ಬಲಿಪೀಠದ ಮೇಲಿನ ರೊಟ್ಟಿಗೆ ಆಗುವುದು ಆಶೀರ್ವಾದ ಮಾತ್ರ ಅಲ್ಲ. “ಇದು ನನ್ನ ದೇಹ” ಎಂಬ ಮಾತಿನ ನಂತರ ಅದು ರೊಟ್ಟಿಯಾಗಿ ಉಳಿಯುವುದಿಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲು ಕಲಿಸಿ: “ಹೇಗಿದೆ?” ಮತ್ತು “ಏನದು?” ಬಣ್ಣ, ರುಚಿ, ಆಕಾರ ಎಲ್ಲ ‘ಹೇಗಿದೆ’ಗೆ ಉತ್ತರ, ಅವು ಬದಲಾಗುವುದಿಲ್ಲ. ‘ಏನದು’ ಎಂಬುದರ ಉತ್ತರ ಪೂರ್ತಿ ಬದಲಾಗಿದೆ. ದೇವಶಾಸ್ತ್ರ ಕಷ್ಟದ ಪದಗಳಲ್ಲಿ ಹೇಳುವ ಬೋಧನೆಯೇ ಇದು. ‘ಗುರುತು’, ‘ಸಂಕೇತ’ ಎಂದಷ್ಟೇ ಹೇಳಿ ಬಿಡಬೇಡಿ. ‘ರೊಟ್ಟಿಯೊಳಗೆ ಯೇಸು ಚಿಕ್ಕದಾಗಿ ಕೂತಿದ್ದಾರೆ’ ಎಂದೂ ಹೇಳಬೇಡಿ. ಅದನ್ನು ನಂಬಿದ ಮಗು ಆಮೇಲೆ “ಅಗಿದರೆ ನೋವಾಗುತ್ತಾ?” ಎಂದು ಹೆದರುತ್ತದೆ. ಮುರಿಯುವುದು ನಮಗೆ ಕಾಣುವ ರೂಪ ಮಾತ್ರ, ಕ್ರಿಸ್ತರಲ್ಲ. ಪ್ರತಿ ತುಣುಕಿನಲ್ಲೂ ಅವರು ಪೂರ್ಣರಾಗಿದ್ದಾರೆ ಎಂಬುದು ಅದಕ್ಕೆ ಉತ್ತರ.

‘ಬಲಿಪೂಜೆ’ಯಲ್ಲಿ ಬಲಿ ಇದೆ. ಊರ ಹಬ್ಬದಲ್ಲಿ ಕೋಳಿ ಬಲಿ ನೋಡಿದ ಮಗು “ಪ್ರತಿ ಭಾನುವಾರ ಯೇಸುವನ್ನು ಸಾಯಿಸುತ್ತಾರಾ?” ಎಂದು ಕೇಳಿದರೆ ಅದು ಒಳ್ಳೆಯ ಪ್ರಶ್ನೆ, ಗದರಿಸಬೇಡಿ. ಬಲಿ ಒಂದೇ, ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಕಲ್ವಾರಿಯಲ್ಲಿ ಒಂದೇ ಸಲ ಆದದ್ದು. ಪೂಜೆಯಲ್ಲಿ ಅದನ್ನು ಮತ್ತೆ ಮಾಡುವುದಿಲ್ಲ. ಆ ಒಂದೇ ಬಲಿಯ ಮುಂದೆ ನಮ್ಮನ್ನು ತಂದು ನಿಲ್ಲಿಸಲಾಗುತ್ತದೆ.

1910ರ ಆಗಸ್ಟ್‌ನಲ್ಲಿ ಪೋಪ್ ಹತ್ತನೇ ಪಿಯುಸ್ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಅದಕ್ಕೆ ಮೊದಲು ಕೆಲವೆಡೆ ಹನ್ನೆರಡು, ಹದಿನಾಲ್ಕರವರೆಗೂ ಕಾಯಿಸುತ್ತಿದ್ದರು. ಅವರು ಕೇಳಿದ ತಿಳಿವಳಿಕೆ ಹೆಚ್ಚೇನಲ್ಲ. ವಿಶ್ವಾಸದ ಮುಖ್ಯ ವಿಷಯಗಳು ಮಗುವಿಗೆ ತನ್ನ ಮಟ್ಟಕ್ಕೆ ತಿಳಿದಿರಬೇಕು, ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು. ಹಾಗಾಗಿ ಐವತ್ತು ಪ್ರಶ್ನೋತ್ತರ ಒಪ್ಪಿಸಲಾಗದ ಮಗುವನ್ನು ತಡೆಯುವ ಮೊದಲು ಈ ಎರಡನೇ ಪ್ರಶ್ನೆ ಕೇಳಿ ನೋಡಿ. ಗೋದಿಹಿಟ್ಟು ಮತ್ತು ನೀರಿನಿಂದ ಮಾತ್ರ ಮಾಡಿದ, ಇನ್ನೂ ಪೂಜೆಗೆ ಬಳಸದ ರೊಟ್ಟಿಯನ್ನು ಒಂದು ಸಲ ಬಾಯಲ್ಲಿಟ್ಟು ಅಭ್ಯಾಸ ಮಾಡಿಸಿ. ರುಚಿ ಮೊದಲೇ ಗೊತ್ತಿಲ್ಲದವರು ಆ ದಿನ ಮುಖ ಕಿವುಚುತ್ತಾರೆ. ಅಭ್ಯಾಸಕ್ಕೆ ತಂದದ್ದು ಬೇರೆ, ಆ ದಿನ ಸ್ವೀಕರಿಸುವುದು ಬೇರೆ ಎಂದು ಎರಡೂ ಸಂದರ್ಭದಲ್ಲಿ ಬಾಯಿಬಿಟ್ಟು ಹೇಳಿ. ಕೈಯಲ್ಲಿ ತೆಗೆದುಕೊಳ್ಳುವ ಪದ್ಧತಿ ಇದ್ದರೆ ಅಲ್ಲೇ ನಿಂತು ಸ್ವೀಕರಿಸಬೇಕು, ಹಿಡಿದುಕೊಂಡು ಜಾಗಕ್ಕೆ ಬರಬಾರದು. ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು. ನೀರು, ಔಷಧ ಪರವಾಗಿಲ್ಲ. ದೂರದ ತೋಟದಿಂದ ಬರುವ ಮಕ್ಕಳ ಮನೆಯವರಿಗೆ ಈ ಒಂದು ಗಂಟೆಯ ಲೆಕ್ಕ ಬಿಡಿಸಿ ಹೇಳದಿದ್ದರೆ ಬೆಳಗಿನಿಂದ ಹಸಿದು ತಲೆಸುತ್ತಿ ಬೀಳುತ್ತಾರೆ.

ಮೂವರು, ಒಬ್ಬರೇ

ತ್ರಿತ್ವಕ್ಕೆ, ಅಂದರೆ ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬ ಬೋಧನೆಗೆ, ಹೋಲಿಕೆ ಹುಡುಕುವುದನ್ನು ಬಿಡಿ. ನೀರು–ಮಂಜುಗಡ್ಡೆ–ಆವಿ ಎಂದರೆ ಒಬ್ಬರೇ ದೇವರು ಮೂರು ವೇಷ ಹಾಕಿದಂತಾಗುತ್ತದೆ. ಮೂರೆಲೆಯ ಗಿಡ ಎಂದರೆ ಒಬ್ಬೊಬ್ಬರೂ ದೇವರ ಮೂರನೇ ಒಂದು ಭಾಗ ಆಗುತ್ತಾರೆ. ಎರಡನ್ನೂ ಧರ್ಮಸಭೆ ಮೊದಲ ಶತಮಾನಗಳಿಂದಲೇ ತಳ್ಳಿಹಾಕಿದೆ. ತ್ರಿಮೂರ್ತಿಗಳ ಕಥೆ ಬಲ್ಲ ಮಕ್ಕಳು ತಾವಾಗಿ ಕೆಲಸ ಹಂಚಿಬಿಡುತ್ತಾರೆ, “ಒಬ್ಬರು ಸೃಷ್ಟಿಗೆ, ಒಬ್ಬರು ರಕ್ಷಣೆಗೆ” ಎಂದು. ಮಕ್ಕಳ ಹತ್ತಿರ ಆಗಲೇ ಇರುವುದು ‘ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ’ ಎನ್ನುತ್ತ ಹಾಕಿಕೊಳ್ಳುವ ಶಿಲುಬೆಯ ಗುರುತು, ಅದರಿಂದಲೇ ಹೊರಡಿ. ಮೊದಲು ‘ಪಿತ’ ಎಂದರೆ ತಂದೆ, ‘ಸುತ’ ಎಂದರೆ ಮಗ ಎಂದು ಹೇಳಬೇಕು. ನಾಲ್ಕನೇ ತರಗತಿಯಲ್ಲೂ ಇದು ಗೊತ್ತಿಲ್ಲದವರು ಇರುತ್ತಾರೆ. ಆಮೇಲೆ ಕೇಳಿ: ಮೂವರ ಹೆಸರು ಹೇಳಿದೆವು, ಆದರೂ ‘ನಾಮಗಳಲ್ಲಿ’ ಎನ್ನದೆ ‘ನಾಮದಲ್ಲಿ’ ಎನ್ನುತ್ತೇವಲ್ಲ, ಯಾಕೆ? ಯಾಕೆಂದರೆ ದೇವರು ಒಬ್ಬರೇ. “ಯಾರು?” ಎಂದರೆ ಉತ್ತರ ಮೂರು, “ಏನು?” ಎಂದರೆ ಉತ್ತರ ಒಂದೇ, ದೇವರು. ಪ್ರಾಥಮಿಕ ತರಗತಿಗೆ ಇಷ್ಟು ಸಾಕು.

ಯೇಸುಸ್ವಾಮಿಯ ಬಗ್ಗೆ ಕೇಳಿದರೆ ‘ಅರ್ಧ ದೇವರು, ಅರ್ಧ ಮನುಷ್ಯ’ ಎಂಬ ಉತ್ತರ ಬರುತ್ತದೆ. ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಖಾಲ್ಸೆದೋನ್ ಮಹಾಸಭೆ ಸ್ಪಷ್ಟಪಡಿಸಿತು. ಮಕ್ಕಳಿಗೆ ದೋಣಿಯ ಕಥೆ ಹೇಳಿ, ಮಾರ್ಕನ 4ನೇ ಅಧ್ಯಾಯ. ದಣಿದು ತಲೆದಿಂಬಿನ ಮೇಲೆ ನಿದ್ದೆ ಹೋದವರೇ ಎದ್ದು ಬಿರುಗಾಳಿಗೆ “ಸುಮ್ಮನಿರು” ಎನ್ನುತ್ತಾರೆ. ‘ಅವತಾರ’ ಪದ ಬಳಸುವುದಾದರೆ ಎರಡು ಮಾತು ಸೇರಿಸಿ: ಇದು ಒಂದೇ ಸಲ ಆದದ್ದು, ಮತ್ತು ಪುನರುತ್ಥಾನದ ಮೇಲೂ ಅವರು ಮನುಷ್ಯತ್ವವನ್ನು ಕಳಚಿಡಲಿಲ್ಲ.

ಮಡಿಕೇರಿಯ ಮಕ್ಕಳಿಗೆ ಇನ್ನೊಂದು ಗೊಂದಲ ಇದೆ. ದಸರಾದಲ್ಲಿ ಹೊರಡುವುದು ಮಾರಿಯಮ್ಮನ ಗುಡಿಗಳ ಕರಗ, ಚರ್ಚಿನಲ್ಲಿರುವುದು ಮರಿಯಮ್ಮ. ಒಂದು ದೀರ್ಘದಷ್ಟೇ ವ್ಯತ್ಯಾಸ. ಮರಿಯಮ್ಮನವರು ದೇವತೆಯಲ್ಲ, ನಮ್ಮ ಹಾಗೆ ಮನುಷ್ಯರು, ದೇವರ ಮಗನ ತಾಯಿ. ಆರಾಧನೆ ದೇವರಿಗೆ ಮಾತ್ರ, ಮಾತೆಗೆ ಮತ್ತು ಸಂತರಿಗೆ ಗೌರವ ಎಂದು ಬಿಡಿಸಿ ಹೇಳಿ. ಹೇಳುವಾಗ ನೆರೆಯವರ ದೇವರನ್ನು ಹೀಗಳೆಯುವ ಒಂದು ಮಾತೂ ಬರಬಾರದು. ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು 1965ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಸಾರಿದೆ. ಸೋಮವಾರ ಬೆಳಿಗ್ಗೆ ಆ ಮಗು ಕೂರುವುದು ನೆರೆಮನೆಯ ಗೆಳತಿಯ ಪಕ್ಕದಲ್ಲೇ.

ಉತ್ತರ ಕಷ್ಟವಾದ ಪ್ರಶ್ನೆ

ಕೊನೆಯ ಐದು ನಿಮಿಷದಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ದೇವರು ಯಾಕೆ ಸುಮ್ಮನಿದ್ದರು? ಆಗ ಹುಟ್ಟಿರದ ಮಕ್ಕಳೂ ಮನೆಯಲ್ಲಿ ಕೇಳಿ ತಿಳಿದಿದ್ದಾರೆ. ಮಳೆ ಜೋರಾದ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. “ಪಾಪಕ್ಕೆ ಸಿಕ್ಕ ಶಿಕ್ಷೆ” ಎಂದು ಮಾತ್ರ ಹೇಳಬೇಡಿ, ಅದು ಸುಳ್ಳು ಬೋಧನೆ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲ ಎಂದಿದ್ದಾರೆ. ಲೂಕನ 13ನೇ ಅಧ್ಯಾಯದಲ್ಲಿದೆ. ‘ದೇವರಿಗೆ ಒಳ್ಳೆಯವರು ಬೇಕಾಗಿದ್ದರು’ ಎಂಬ ಸಮಾಧಾನವೂ ಬೇಡ. ಒಳ್ಳೆಯವಳಾದರೆ ತನ್ನನ್ನೂ ಕರೆದೊಯ್ಯುತ್ತಾರೆ ಎಂದು ಮಗು ಲೆಕ್ಕ ಹಾಕುತ್ತದೆ.

ಯಾಕೆ ಎಂದು ನಮಗೆ ಪೂರ್ತಿ ಗೊತ್ತಿಲ್ಲ ಎಂದು ಹೇಳಿ. ಗೆಳೆಯ ಲಾಜರ ಸತ್ತಾಗ ಯೇಸುಸ್ವಾಮಿಯೂ ಅತ್ತರು ಎಂಬುದನ್ನು ಓದಿ ತೋರಿಸಿ. ಆಗ ಯಾವುದೋ ಮಗು “ಅಯ್ಯೋ ಪಾಪ” ಎಂದರೆ ಅದನ್ನು ತಿದ್ದಬೇಡಿ. ಬೋರ್ಡಿನ ಮೇಲಿನ ಮೊದಲನೇ ಸಾಲು ಅದೇ. ಆಮೇಲೆ ತೀರಿಹೋದವರಿಗಾಗಿ, ಈಗಲೂ ಮಳೆಗೆ ಹೆದರುವವರಿಗಾಗಿ ಎಲ್ಲರೂ ತಮ್ಮ ತಮ್ಮ ಮನೆಮಾತಿನಲ್ಲಿ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ ಹೊರಡಲಿ.